ಅಣ್ಣ ಬೆಂಗಳೂರಲ್ಲಿ, ತಮ್ಮ ಊರಲ್ಲಿ: ತೂಕ ಏರಿದ್ದು ಯಾರಿಗೆ, ಯಾವಾಗ

ಸಿಟಿ ಸೇರಿದವರು ದಪ್ಪಗಾಗುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಇದನ್ನು ಸಾಬೀತು ಮಾಡಿ ತೋರಿಸಿ ಅಂದರೆ ಕಷ್ಟ ಶುರುವಾಗುತ್ತದೆ. ಬೆಂಗಳೂರಿನ ಒಂದಷ್ಟು ಜನರನ್ನು ತೂಗಿ, ಮಂಡ್ಯದ ಕಡೆಯ ಯಾವುದೋ ಹಳ್ಳಿಯ ಒಂದಷ್ಟು ಜನರನ್ನು ತೂಗಿ, ನೋಡಿ ಇಷ್ಟು ವ್ಯತ್ಯಾಸ ಇದೆ ಅಂದರೆ ಯಾರಾದರೂ ಕೇಳೇ ಕೇಳುತ್ತಾರೆ: ಆ ಎರಡೂ ಗುಂಪಿನವರು ಒಂದೇ ಥರದವರಾ? ಒಬ್ಬರ ಅಪ್ಪ ಅಮ್ಮ ಕುಳ್ಳಗೆ ದಪ್ಪಗೆ ಇದ್ದಿರಬಹುದು, ಇನ್ನೊಬ್ಬರ ಮನೆಯಲ್ಲಿ ಚಿಕ್ಕಂದಿನಲ್ಲಿ ಊಟಕ್ಕೇ ಗತಿ ಇಲ್ಲದೆ ಇದ್ದಿರಬಹುದು. ಜಾತಿ, ಜಮೀನು, ಓದು ಎಲ್ಲವೂ ಬೇರೆ ಬೇರೆ. ಅಲ್ಲಿಗೆ ವ್ಯತ್ಯಾಸ ಊರಿನದ್ದೋ ಮನೆತನದ್ದೋ ಗೊತ್ತಾಗುವುದಿಲ್ಲ.

ಇದಕ್ಕೆ ಒಂದು ಜಾಣ ಉಪಾಯ ಇದೆ. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರನ್ನು ಹಿಡಿಯಿರಿ. ಒಬ್ಬ ಕೆಲಸ ಸಿಕ್ಕಿ ಸಿಟಿಗೆ ಬಂದವನು, ಇನ್ನೊಬ್ಬ ಊರಲ್ಲೇ ಉಳಿದವನು. ಒಂದೇ ತಾಯಿ, ಒಂದೇ ತಟ್ಟೆಯ ಊಟ, ಒಂದೇ ಶಾಲೆ, ಒಂದೇ ಬಡತನ ಅಥವಾ ಒಂದೇ ಅನುಕೂಲ. ಈಗ ಇಬ್ಬರನ್ನೂ ತೂಗಿ.

ಇದನ್ನು ನಿಜವಾಗಿಯೂ ಮಾಡಿದ್ದಾರೆ. ಇಂಡಿಯನ್ ಮೈಗ್ರೇಶನ್ ಸ್ಟಡಿ ಅಂತ ಅದರ ಹೆಸರು. 2005ರಿಂದ 2007ರ ನಡುವೆ ನಾಲ್ಕು ಊರಿನ ಕಾರ್ಖಾನೆಗಳಲ್ಲಿ ನಡೆಯಿತು: ಲಕ್ನೋ, ನಾಗಪುರ, ಹೈದರಾಬಾದ್, ಮತ್ತೆ ನಮ್ಮ ಬೆಂಗಳೂರು. ಬೆಂಗಳೂರಲ್ಲಿ ಆರಿಸಿಕೊಂಡಿದ್ದು ಎಚ್‌ಎಂಟಿ. ಇದರ ಮುಖ್ಯ ವರದಿ ಬಂದಿದ್ದು 2010ರಲ್ಲಿ, ಪ್ಲಾಸ್ ಮೆಡಿಸಿನ್ ಅನ್ನುವ ಪತ್ರಿಕೆಯಲ್ಲಿ, ಶಾ ಇಬ್ರಾಹಿಂ ಮತ್ತವರ ತಂಡದಿಂದ. ಹದಿನೈದು ವರ್ಷ ದಾಟಿದರೂ ಕನ್ನಡದಲ್ಲಿ ಇದರ ಬಗ್ಗೆ ಮಾತಾಡಿದವರು ಕಡಿಮೆ. ನನ್ನ ಪ್ರಕಾರ ನಗರ, ತೂಕ, ಓಡಾಟ ಈ ಮೂರರ ಬಗ್ಗೆ ನಮ್ಮ ಜನರ ಮೇಲೆ ನಡೆದ ಅಧ್ಯಯನಗಳಲ್ಲಿ ಇಷ್ಟು ಕೆಲಸಕ್ಕೆ ಬರುವಂಥದ್ದು ಇನ್ನೊಂದು ಇರುವುದು ಅಪರೂಪ. ಅದಕ್ಕೇ ಇದನ್ನೇ ಒಂದು ಪ್ರಕರಣವಾಗಿ ಹಿಡಿದು ಬಿಡಿಸುತ್ತಿದ್ದೇನೆ.

ಯಾರಿವರು

ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ, ಜಾಲಹಳ್ಳಿಯ ಕಡೆ. ಮೊದಲು ಯಂತ್ರ ಮಾಡುವ ಯಂತ್ರಗಳು, ಆಮೇಲೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಗಡಿಯಾರ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಎಚ್‌ಎಂಟಿಯಲ್ಲಿ ಕೆಲಸ ಅಂದರೆ ಹೆಣ್ಣು ಕೊಡುವುದಕ್ಕೆ ಬೇರೇನೂ ವಿಚಾರಿಸುತ್ತಿರಲಿಲ್ಲ. ಕಾಯಂ ಕೆಲಸ, ಪಿಎಫ್, ಅದೃಷ್ಟ ಇದ್ದರೆ ಕ್ವಾರ್ಟರ್ಸ್. ಐಟಿಐ ಮುಗಿಸಿದ ಹುಡುಗ ಬಂದು ಸೇರಿದರೆ ಮುಗಿಯಿತು, ಅವನ ಊರು ಇನ್ನು ಹಬ್ಬಕ್ಕೆ ಮತ್ತು ಜಾತ್ರೆಗೆ.

ಇಂಥ ಕಾರ್ಖಾನೆಗಳ ನೌಕರರಲ್ಲಿ ಹಳ್ಳಿಯಿಂದ ಬಂದವರನ್ನು ಗುರುತಿಸಿದರು. ಅವರ ಗಂಡ ಅಥವಾ ಹೆಂಡತಿಯನ್ನೂ ಸೇರಿಸಿಕೊಂಡರು. ಪ್ರತಿಯೊಬ್ಬರಿಗೂ ಒಂದೇ ಕೋರಿಕೆ: ಊರಲ್ಲೇ ಉಳಿದಿರುವ ನಿಮ್ಮ ಒಡಹುಟ್ಟಿದವರೊಬ್ಬರನ್ನು ಕರೆಸಿ. ಗಂಡಸಾದರೆ ಅಣ್ಣನೋ ತಮ್ಮನೋ, ಹೆಂಗಸಾದರೆ ಅಕ್ಕನೋ ತಂಗಿಯೋ, ಅದರಲ್ಲೂ ವಯಸ್ಸಿನಲ್ಲಿ ಹತ್ತಿರ ಇರುವವರು. ಇವರ ಜೊತೆಗೆ ಸಿಟಿಯಲ್ಲೇ ಹುಟ್ಟಿ ಬೆಳೆದ ನೌಕರರನ್ನೂ ಹೋಲಿಕೆಗೆ ತೆಗೆದುಕೊಂಡರು. ಎಲ್ಲಾ ಸೇರಿ 6,510 ಜನ, ಅದರಲ್ಲಿ ನೂರಕ್ಕೆ 42 ಹೆಂಗಸರು.

ಎಲ್ಲರ ಎತ್ತರ, ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬು ಅಳೆದರು. ಏನು ತಿನ್ನುತ್ತೀರಿ, ದಿನವಿಡೀ ಏನು ಕೆಲಸ ಮಾಡುತ್ತೀರಿ, ಹೇಗೆ ಓಡಾಡುತ್ತೀರಿ ಅಂತ ಕೂತು ಕೇಳಿದರು.

ಸಿಕ್ಕ ಲೆಕ್ಕ

ಇಲ್ಲಿ ಬೊಜ್ಜು ಅಂದರೆ ಬಿಎಂಐ 25 ದಾಟುವುದು. ಬಿಎಂಐ ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಲೆಕ್ಕ. ಐದೂವರೆ ಅಡಿಗೆ ಸ್ವಲ್ಪ ಕಡಿಮೆ, ಅಂದರೆ 165 ಸೆಂಟಿಮೀಟರ್ ಎತ್ತರದ ಗಂಡಸಿಗೆ ಇದು ಸುಮಾರು 68 ಕೆಜಿ. 68 ಕೆಜಿ ಅಂದರೆ ಬೊಜ್ಜಾ ಅಂತ ಅನ್ನಿಸಬಹುದು. ಬೇರೆ ದೇಶಗಳಲ್ಲಿ ಬೊಜ್ಜಿನ ಗೆರೆ 30ಕ್ಕೆ ಎಳೆಯುತ್ತಾರೆ, ನಿಜ. ಆದರೆ ನಮ್ಮವರ ಮೈ ಬೇರೆ. ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ, ಅದೂ ಹೊಟ್ಟೆಯ ಸುತ್ತ ಸೇರಿಕೊಳ್ಳುತ್ತದೆ. ಕೈಕಾಲು ಸಣ್ಣಗೆ, ಹೊಟ್ಟೆ ಮಾತ್ರ ಮುಂದೆ. ಅದಕ್ಕೇ ಭಾರತೀಯರಿಗೆ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಅಂತ ವೈದ್ಯರು ಗೆರೆ ಕೆಳಗಿಳಿಸಿದ್ದಾರೆ.

ಊರಲ್ಲಿ ಉಳಿದ ಗಂಡಸರಲ್ಲಿ ಈ ಗೆರೆ ದಾಟಿದವರು ನೂರಕ್ಕೆ 19. ಊರಿಂದ ಸಿಟಿಗೆ ಬಂದವರಲ್ಲಿ 37.8. ಸಿಟಿಯಲ್ಲೇ ಹುಟ್ಟಿ ಬೆಳೆದವರಲ್ಲಿ 41.9. ಸಕ್ಕರೆ ಕಾಯಿಲೆ ನೋಡಿದರೆ ಊರಲ್ಲಿ 6.2, ವಲಸೆ ಬಂದವರಲ್ಲಿ 14.3, ಸಿಟಿಯವರಲ್ಲಿ 13.5. ಹೆಂಗಸರಲ್ಲೂ ಹೆಚ್ಚುಕಡಿಮೆ ಇದೇ ನಮೂನೆ.

ಒಂದೇ ಮನೆಯ ಮಕ್ಕಳು. ಆದರೂ ಊರು ಬಿಟ್ಟವರಲ್ಲಿ ಬೊಜ್ಜು ಎರಡರಷ್ಟು, ಶುಗರ್ ಎರಡರಷ್ಟಕ್ಕೂ ಜಾಸ್ತಿ.

ದಪ್ಪಗಿದ್ದವರನ್ನು ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು ಏನು? ಬಾಯಿ ಕಟ್ಟಲ್ಲ, ಸೋಮಾರಿ, ಶಿಸ್ತಿಲ್ಲ. ಈ ಅಧ್ಯಯನದ ಮುಂದೆ ಆ ಮಾತು ನಿಲ್ಲುವುದಿಲ್ಲ. ಶಿಸ್ತು ಮನೆಯಿಂದ ಬರುವುದಾದರೆ ಅಣ್ಣನಿಗೂ ತಮ್ಮನಿಗೂ ಒಂದೇ ಶಿಸ್ತು ಬಂದಿರಬೇಕಿತ್ತು. ನಿಜ ಹೇಳಬೇಕೆಂದರೆ ಪರೀಕ್ಷೆ ಬರೆದು, ಊರು ಬಿಟ್ಟು, ಗೊತ್ತಿಲ್ಲದ ಜಾಗದಲ್ಲಿ ರೂಮ್ ಮಾಡಿಕೊಂಡು, ಶಿಫ್ಟಿಗೆ ಹೊಂದಿಕೊಂಡು ಕೆಲಸ ಉಳಿಸಿಕೊಂಡವನಿಗೆ ಶಿಸ್ತು ಒಂದು ಕೈ ಜಾಸ್ತಿಯೇ ಇರಬೇಕು. ಆದರೂ ಹೊಟ್ಟೆ ಬಂದಿದ್ದು ಅವನಿಗೇ.

ಮೊದಲ ಹತ್ತು ವರ್ಷ

ಇದೇ ಜನರ ಲೆಕ್ಕವನ್ನು ಮತ್ತೊಮ್ಮೆ ಬೇರೆ ರೀತಿಯಲ್ಲಿ ಜೋಡಿಸಿ, ಸಂಜಯ್ ಕಿನ್ರಾ ಮತ್ತವರ ತಂಡ 2011ರಲ್ಲಿ ಇನ್ನೊಂದು ವರದಿ ಬರೆಯಿತು. ನನಗೆ ಮುಖ್ಯ ಅನ್ನಿಸಿದ್ದು ಇದು. ಈ ಸಲ ಅವರು ನೋಡಿದ್ದು ಸಿಟಿಯಲ್ಲಿ ಎಷ್ಟು ವರ್ಷ ಕಳೆದಿದ್ದಾರೆ ಅನ್ನೋದನ್ನ. ಸೊನ್ನೆ ವರ್ಷ, ಹತ್ತು ವರ್ಷದ ಒಳಗೆ, ಇಪ್ಪತ್ತರ ಒಳಗೆ, ಹೀಗೆ ಗುಂಪು ಮಾಡಿದರು. ಮೈಯಲ್ಲಿ ಕೊಬ್ಬು ಏರುವುದು ಸಿಟಿಗೆ ಬಂದ ಶುರುವಿನಲ್ಲೇ, ಮೊದಲ ಹತ್ತು ವರ್ಷದಲ್ಲೇ ಜೋರಾಗಿ. ಆಮೇಲೆ ಆ ಓಟ ನಿಧಾನ ಆಗುತ್ತದೆ. ರಕ್ತದೊತ್ತಡ, ಇನ್ಸುಲಿನ್ ಇಂಥವು ಮಾತ್ರ ಹಾಗಲ್ಲ. ಅವು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗುತ್ತವೆ.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಹುಡುಗ ಬರುವುದು ಇಪ್ಪತ್ತೆರಡೋ ಇಪ್ಪತ್ತನಾಲ್ಕೋ ವಯಸ್ಸಿಗೆ. ತೂಕ ಏರುವುದು ಮೂವತ್ತೆರಡು ಮೂವತ್ತನಾಲ್ಕರ ಒಳಗೆ. ಆ ವಯಸ್ಸಿನಲ್ಲಿ ಯಾರೂ ಬಿಪಿ ನೋಡಿಸಿಕೊಳ್ಳಲು ಹೋಗುವುದಿಲ್ಲ, ಹೋದರೂ ಎಲ್ಲಾ ಸರಿಯಾಗಿಯೇ ಬರುತ್ತದೆ. ಇನ್ನು ಊರಿಗೆ ಹೋದರೆ ಹೊಗಳಿಕೆ ಬೇರೆ. ಗೌರಿ ಹಬ್ಬಕ್ಕೆ ಹೋದ ಮಗನನ್ನು ನೋಡಿ ಅಜ್ಜಿ, ಬೆಂಗಳೂರು ನೀರು ಚೆನ್ನಾಗಿ ಹಿಡಿಸಿದೆ ಕಣಪ್ಪಾ, ಮೈ ಕೈ ತುಂಬಿಕೊಂಡಿದ್ದೀಯ ಅನ್ನುತ್ತಾಳೆ. ಹಸಿವು ಕಂಡ ಅಜ್ಜಿ ಅವಳು, ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ತಾಯಿಗೂ ಸಮಾಧಾನ. ಕನ್ಯೆ ನೋಡಲು ಹೋದಾಗ ಆ ಮನೆಯವರಿಗೂ ಸಮಾಧಾನ. ಇಡೀ ಸಮಾಜ ಭೇಷ್ ಅನ್ನುತ್ತಿರುವ ಹತ್ತು ವರ್ಷದಲ್ಲೇ ಕೆಲಸ ಕೆಟ್ಟಿರುತ್ತದೆ.

ಶುಗರ್ ಬರುವುದು ನಲವತ್ತೈದಕ್ಕೆ. ಆಗ ನಾವು ಕಾರಣ ಹುಡುಕುವುದು ನಲವತ್ತೈದರ ಸುತ್ತಮುತ್ತ. ಮಗಳ ಪಿಯುಸಿ ಟೆನ್ಶನ್, ಸೈಟಿನ ಸಾಲ, ಮ್ಯಾನೇಜರ್ ಕಾಟ. ಇವೆಲ್ಲಾ ಇರಬಹುದು. ಆದರೆ ಬೀಜ ಬಿದ್ದಿದ್ದು ಅವನು ಬ್ಯಾಚುಲರ್ ಆಗಿ ರೂಮಿನಲ್ಲಿದ್ದಾಗ.

ನಮ್ಮ ಎಲ್ಲಾ ವ್ಯವಸ್ಥೆ ಇದಕ್ಕೆ ಉಲ್ಟಾ ಇದೆ. ಮಾಸ್ಟರ್ ಹೆಲ್ತ್ ಚೆಕಪ್ ಅಂತ ಜಾಹೀರಾತು ಬರುವುದು ನಲವತ್ತು ದಾಟಿದವರಿಗೆ. ಬೆಳಗಿನ ಪಾರ್ಕಿನಲ್ಲಿ ಬಿರುಸಾಗಿ ನಡೆಯುವವರನ್ನು ನೋಡಿ, ಮುಕ್ಕಾಲು ಪಾಲು ತಲೆ ನರೆತವರು, ಡಾಕ್ಟರ್ ಹೇಳಿದ ಮೇಲೆ ಬಂದವರು. ನಡೆಯಲಿ, ಒಳ್ಳೆಯದೇ. ಆದರೆ ಯಾರು ನಿಜವಾಗಿ ಅಲ್ಲಿರಬೇಕಿತ್ತೋ ಅವನು ಆ ಹೊತ್ತಿಗೆ ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾನೆ, ಇಲ್ಲವೇ ಕ್ಯಾಬಿಗೆ ಕಾಯುತ್ತಿರುತ್ತಾನೆ.

ಕಳೆದುಹೋದ ಕೆಲಸ ಯಾವುದು

ಈಗ ಆ ಹತ್ತು ವರ್ಷದಲ್ಲಿ ಏನು ಬದಲಾಯಿತು ಅನ್ನೋದಕ್ಕೆ ಬರೋಣ. ಸುಮ್ನೆ ವ್ಯಾಯಾಮ ಬಿಟ್ಟರು ಅಂದರೆ ಆಗಲ್ಲ, ಯಾಕೆಂದರೆ ಊರಲ್ಲಿರುವ ತಮ್ಮನೂ ವ್ಯಾಯಾಮ ಮಾಡುವುದಿಲ್ಲ. ಅವನನ್ನು ಕೇಳಿ ನೋಡಿ, ನಗುತ್ತಾನೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2014ರಲ್ಲಿ ಪ್ರಕಟಿಸಿದ ಇನ್ನೊಂದು ದೊಡ್ಡ ಸಮೀಕ್ಷೆ ಇದೆ. ಅದು ನಡೆದಿದ್ದು ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದಲ್ಲಿ. ಮೈ ಸಾಕಷ್ಟು ಬಗ್ಗಿಸದವರು ನಗರದಲ್ಲಿ ನೂರಕ್ಕೆ 65, ಹಳ್ಳಿಯಲ್ಲಿ 50. ಆದರೆ ಬಿಡುವಿನಲ್ಲಿ ಬೇಕೆಂದೇ ಆಟ, ವ್ಯಾಯಾಮ, ವಾಕಿಂಗ್ ಅಂತ ಮಾಡುವವರು ಒಟ್ಟಾರೆ ಹತ್ತಕ್ಕೆ ಒಬ್ಬರೂ ಇರಲಿಲ್ಲ.

ಅಂದರೆ ಹಳ್ಳಿಯ ಮೈಯನ್ನು ಹಿಡಿತದಲ್ಲಿಟ್ಟಿದ್ದು ವ್ಯಾಯಾಮ ಅಲ್ಲ, ಬದುಕು.

ಹಳೇ ಮೈಸೂರು ಸೀಮೆಯ ಒಬ್ಬ ಸಣ್ಣ ಹಿಡುವಳಿಯ ರೈತನ ದಿನ ನೆನೆಸಿಕೊಳ್ಳಿ. ಎದ್ದ ಕೂಡಲೇ ಕೊಟ್ಟಿಗೆ ಬಳಿಯಬೇಕು, ಸಗಣಿ ತಿಪ್ಪೆಗೆ ಹೊರಬೇಕು. ಹಾಲು ಕರೆದು ಡೇರಿಗೆ ಹಾಕಿ ಬರಬೇಕು. ಹೊಲಕ್ಕೆ ನಡೆಯಬೇಕು, ನಡೆದ ಮೇಲೆ ಅಲ್ಲಿ ಕೂರುವ ಹಾಗಿಲ್ಲ, ಬದು ಕಟ್ಟುವುದು, ಕಳೆ ಕೀಳುವುದು, ಹುಲ್ಲು ಕೊಯ್ದು ಹೊರೆ ಕಟ್ಟಿ ತಲೆ ಮೇಲೆ ಹೊತ್ತು ತರುವುದು. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಆದರೆ ಟಾರ್ಚ್ ಹಿಡಿದು ಮೋಟಾರ್ ಆನ್ ಮಾಡಲು ಮತ್ತೆ ಹೋಗಬೇಕು. ಯಾವುದೂ ಬೆವರು ಸುರಿಸಿ ಏದುಸಿರು ಬಿಡುವ ಓಟ ಅಲ್ಲ. ಬಗ್ಗುವುದು, ಏಳುವುದು, ಎತ್ತುವುದು, ನಡೆಯುವುದು, ಅಷ್ಟೇ. ಆದರೆ ಇಡೀ ದಿನ.

ಅಣ್ಣನ ದಿನ ಬೇರೆ. ಕಂಪನಿ ಬಸ್ಸು ಬರುವ ಸ್ಟಾಪಿನ ತನಕ ನಡಿಗೆ. ಬಸ್ಸಲ್ಲಿ ಕೂತು ಹೋಗುವುದು. ಲೇತ್ ಮುಂದೆ ನಿಂತು ಕೆಲಸ. ಕೆಲಸ ಸುಲಭ ಅಂತ ನಾನು ಹೇಳುತ್ತಿಲ್ಲ, ಎಂಟು ಗಂಟೆ ನಿಂತವರ ಕಾಲು ಏನಾಗುತ್ತದೆ ಅಂತ ನಿಂತವರಿಗೇ ಗೊತ್ತು. ಸುಸ್ತು ಬೇರೆ, ಶಕ್ತಿ ಖರ್ಚಾಗುವುದು ಬೇರೆ, ಇವೆರಡನ್ನೂ ನಾವು ಒಂದೇ ಅಂದುಕೊಳ್ಳುತ್ತೇವೆ. ಟ್ರಾಫಿಕ್‌ನಲ್ಲಿ ಎರಡು ಗಂಟೆ ಕೂತು ಮನೆಗೆ ಬಂದವನಿಗೆ ಹೊಲ ಉತ್ತವನಷ್ಟೇ ಸುಸ್ತಾಗಿರಬಹುದು. ಆದರೆ 65 ಕೆಜಿ ತೂಕದವರು ಒಂದು ಗಂಟೆ ಸ್ವಲ್ಪ ಬಿರುಸಾಗಿ ನಡೆದರೆ 200 ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು ಖರ್ಚು, ಅದೇ ಒಂದು ಗಂಟೆ ಬಸ್ಸಲ್ಲಿ ಕೂತರೆ ಅದರ ಅರ್ಧವೂ ಇಲ್ಲ. ಸುಸ್ತಾದವನಿಗೆ ಹಸಿವೂ ಆಗುತ್ತದೆ. ಕೂತು ಸುಸ್ತಾದರೂ ಅಷ್ಟೇ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಜೇಮ್ಸ್ ಲಿವೈನ್ ಅನ್ನುವ ವೈದ್ಯರು ವ್ಯಾಯಾಮ ಅಲ್ಲದ ಈ ಓಡಾಟದ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಒಂದೇ ಮೈಕಟ್ಟಿನ ಇಬ್ಬರ ನಡುವೆ ಬರೀ ಇದರಿಂದಲೇ ದಿನಕ್ಕೆ 2,000 ಕ್ಯಾಲೊರಿಯ ತನಕ ವ್ಯತ್ಯಾಸ ಬರಬಹುದು ಅನ್ನುವುದು ಅವರ ಲೆಕ್ಕ. ಅದು ತುದಿಯ ಲೆಕ್ಕ, ಎಲ್ಲರಿಗೂ ಅಷ್ಟಿರಲ್ಲ. ಆದರೂ ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗಿ ಇದನ್ನು ತುಂಬಿಸುತ್ತೇನೆ ಅಂದರೆ ಆಗದ ಮಾತು.

ಹೆಂಗಸರ ಮಟ್ಟಿಗೆ ಬದಲಾವಣೆ ಇನ್ನೂ ಜೋರು. ಊರಲ್ಲಿ ನೀರು, ಸೌದೆ, ಹಸು, ನಾಟಿ, ಕಳೆ, ಮೇಲೆ ಅಡುಗೆ. ಮದುವೆಯಾಗಿ ಬೆಂಗಳೂರಿನ ಎರಡು ರೂಮಿನ ಮನೆಗೆ ಬಂದರೆ ನಲ್ಲಿ, ಗ್ಯಾಸು, ಕುಕ್ಕರ್, ಮಿಕ್ಸಿ. ಒಳ್ಳೆಯದೇ ಆಯಿತು. ಒರಳುಕಲ್ಲಿಗೆ ವಾಪಸ್ ಹೋಗಿ ಅಂತ ಹೇಳುವವರು ಒಂದು ವಾರ ತಾವೇ ರುಬ್ಬಲಿ. ಹೊಗೆ ಕುಡಿದು ಕೆಮ್ಮುತ್ತಾ ಅಡುಗೆ ಮಾಡುವುದರಲ್ಲಿ ಯಾವ ಆರೋಗ್ಯವೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಮನೆಯೊಳಗಿನ ದುಡಿಮೆ ಹೋಯಿತು, ಅದರ ಬದಲಿಗೆ ಹೊರಗೆ ಓಡಾಡುವ ಅವಕಾಶ ಬರಲಿಲ್ಲ. ಗೊತ್ತಿಲ್ಲದ ಬೀದಿ, ಮಾತಾಡಲು ಜನ ಇಲ್ಲ, ಸಂಜೆ ಒಬ್ಬಳೇ ಎಲ್ಲಿಗೆ ಹೊರಟೆ ಅನ್ನುವ ಪ್ರಶ್ನೆ. ಗಂಡಸರಿಗೆ ಕಡೇಪಕ್ಷ ಕೆಲಸಕ್ಕೆ ಹೋಗಿ ಬರುವ ನಡಿಗೆ ಇತ್ತು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಂದಾಜಿನಲ್ಲಿ ಇದು ಎದ್ದು ಕಾಣುತ್ತದೆ: 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಬೇಕಾದಷ್ಟು ಓಡಾಡುವುದಿಲ್ಲ, ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. 2000ದಲ್ಲಿ ಒಟ್ಟು ಲೆಕ್ಕ ಬರೀ 22ರ ಆಸುಪಾಸಿನಲ್ಲಿತ್ತು.

ಊಟದ ಬಗ್ಗೆ ಜಾಸ್ತಿ ಎಳೆಯುವುದಿಲ್ಲ, ಒಂದು ಮಾತು ಮಾತ್ರ. ಸಿಟಿಗೆ ಬಂದವರು ಬರೀ ಹಾಳುಮೂಳು ತಿಂದು ಕೆಟ್ಟರು ಅನ್ನುವ ಕಥೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಇದೇ ಅಧ್ಯಯನದ ಊಟದ ಭಾಗ ನೋಡಿದರೆ ಸಿಟಿಯವರು ಕೊಬ್ಬಿನ ಅಂಶ ಜಾಸ್ತಿ ತಿನ್ನುತ್ತಿದ್ದರು, ಸರಿ, ಜೊತೆಗೆ ಹಣ್ಣು ತರಕಾರಿಯನ್ನೂ ಊರಿನವರಿಗಿಂತ ಜಾಸ್ತಿ ತಿನ್ನುತ್ತಿದ್ದರು. ಕೈಯಲ್ಲಿ ಸಂಬಳ ಇತ್ತು, ಹತ್ತಿರದಲ್ಲೇ ಮಾರ್ಕೆಟ್ ಇತ್ತು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಜಾಸ್ತಿ ತಿಂದರು. ಊರಲ್ಲಿ ಎರಡು ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದ ಕೈ ಇಲ್ಲಿ ಅದೇ ಅಳತೆಯಲ್ಲಿ ಅನ್ನ ಬಡಿಸಿಕೊಂಡಿತು. ಮಧ್ಯೆ ಸಕ್ಕರೆ ಹಾಕಿದ ಕಾಫಿ, ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ಸಂಜೆ ಬೋಂಡ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ತಪ್ಪಲ್ಲ.

ಇದರಲ್ಲಿ ಕಾಣದೆ ಉಳಿದದ್ದು

ಅಧ್ಯಯನ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಅದರದೇ ಕುರುಡು ಇದೆ. ಇದು ಕಾರ್ಖಾನೆಯ ನೌಕರರ ಕಥೆ, ನೆಲೆ ಸಿಕ್ಕವರ ಕಥೆ. ಯಾದಗಿರಿ ರಾಯಚೂರಿನ ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟು ಹೊರುವವರು ಇದರಲ್ಲಿ ಇಲ್ಲ. ಅವರಿಗೂ ಇದು ಸಿಟಿಯೇ, ಆದರೆ ಅವರ ಮೈ ಬೇರೆಯೇ ಕಥೆ ಹೇಳುತ್ತದೆ. ಸಿಟಿ ಅನ್ನುವುದು ಎಲ್ಲರಿಗೂ ಒಂದೇ ಸಿಟಿ ಅಲ್ಲ.

ಇನ್ನೊಂದು, ಎಲ್ಲರನ್ನೂ ಅಳೆದದ್ದು ಒಂದೇ ಸಲ. ಒಬ್ಬನನ್ನೇ ಹತ್ತು ವರ್ಷ ಹಿಂಬಾಲಿಸಿ ತೂಗಿದ್ದಲ್ಲ, ಬೇರೆ ಬೇರೆ ವರ್ಷ ಸಿಟಿಯಲ್ಲಿ ಕಳೆದವರನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. ಊರು ಬಿಟ್ಟವನು ಮತ್ತು ಉಳಿದವನು ಮೊದಲೇ ಸ್ವಲ್ಪ ಬೇರೆ ಇದ್ದಿರಲೂಬಹುದು. ಚೆನ್ನಾಗಿ ಓದಿದವನನ್ನೇ ಅಲ್ವಾ ಮನೆಯವರು ಸಿಟಿಗೆ ಕಳಿಸುವುದು?

ಊರಲ್ಲಿ ಉಳಿದ ತಮ್ಮನೂ ಸಾಮಾನ್ಯ ಹಳ್ಳಿಗನಲ್ಲ. ಅದೇ ಕಾಲದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2005-06ರದ್ದು, 15ರಿಂದ 49 ವಯಸ್ಸಿನ ಗಂಡಸರಲ್ಲಿ ತೂಕ ಜಾಸ್ತಿ ಇರುವವರು (ಈ ಸಮೀಕ್ಷೆಯಲ್ಲಿ ಹಾಗಂದರೆ ಬಿಎಂಐ 25ರ ಅದೇ ಗೆರೆ) ಇಡೀ ದೇಶದಲ್ಲಿ ನೂರಕ್ಕೆ 9.3 ಅಂತ ಹೇಳಿತ್ತು, ಅದೂ ನಗರ ಹಳ್ಳಿ ಎಲ್ಲಾ ಸೇರಿ. ಈ ತಮ್ಮಂದಿರಲ್ಲಿ 19. ವಯಸ್ಸು ಸ್ವಲ್ಪ ಜಾಸ್ತಿ ಅನ್ನುವುದು ಒಂದು ಕಾರಣ ಇರಬಹುದು. ಇನ್ನೊಂದು ನನ್ನ ಊಹೆ, ಅಣ್ಣ ಬೆಂಗಳೂರಿಂದ ಕಳಿಸಿದ ದುಡ್ಡು. ಹಳ್ಳಿಯಲ್ಲಿ ಯಾರ ಮನೆ ಮುಂದೆ ಮೊದಲ ಬೈಕು ನಿಂತಿತು ನೋಡಿ, ಆ ಮನೆಯಲ್ಲಿ ಒಬ್ಬರಾದರೂ ಬೆಂಗಳೂರಲ್ಲಿರುತ್ತಾರೆ.

ಈಗ ಇದೇ ಅಧ್ಯಯನ ಮಾಡಿದರೆ

ಅಂತರ ಇಷ್ಟು ಸಿಗುವುದು ಅನುಮಾನ. ಯಾಕೆಂದರೆ ಹಳ್ಳಿ ಕೂಡ ಜಾಗ ಬಿಟ್ಟಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನಗರದ ಹೆಂಗಸರಲ್ಲಿ ನೂರಕ್ಕೆ 33.2 ಜನ ತೂಕ ಜಾಸ್ತಿ ಇರುವವರು, ಹಳ್ಳಿಯಲ್ಲಿ 19.7. ಗಂಡಸರಲ್ಲಿ 29.8 ಮತ್ತು 19.3. ಕರ್ನಾಟಕದ ಲೆಕ್ಕ ಇನ್ನೂ ಮೇಲಿದೆ, ಹಳ್ಳಿ ನಗರ ಸೇರಿ ಹೆಂಗಸರಲ್ಲಿ 30.1, ಗಂಡಸರಲ್ಲಿ 30.9. ಅದಕ್ಕೆ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇವು 23.3 ಮತ್ತು 22.1 ಇದ್ದವು. ಇಷ್ಟು ಬೇಗ ಇಷ್ಟು ಏರಿಕೆ ಬರೀ ಬೆಂಗಳೂರು ಮೈಸೂರಿನಿಂದ ಬರಲು ಸಾಧ್ಯವಿಲ್ಲ.

ಪ್ರಪಂಚದ ಕಥೆಯೂ ಇದೇ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ 11 ಕೋಟಿಗೂ ಹೆಚ್ಚು ಜನರ ಅಳತೆ ಸೇರಿಸಿ ಮಾಡಿದ ಒಂದು ವರದಿ ಬಂತು. 1985ರಿಂದ 2017ರ ತನಕ ಜಗತ್ತಿನ ಸರಾಸರಿ ಬಿಎಂಐ ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಿಗಳದ್ದು ಅಂತ ಅದು ತೋರಿಸಿತು. ಟ್ರ್ಯಾಕ್ಟರ್, ಟಿಲ್ಲರ್, ಬೈಕು, ಹಾಲು ಕರೆಯುವ ಮೆಷಿನ್ನು, ಮನೆ ಬಾಗಿಲಿಗೆ ನಲ್ಲಿ. ಸಿಟಿಗೆ ಜನ ಹೋಗುವ ಬದಲು ಸಿಟಿಯೇ ಜನರ ಹತ್ತಿರ ಬಂತು, ಅದೂ ಸಿಟಿಯಲ್ಲಿರುವ ಆಸ್ಪತ್ರೆ ಮತ್ತು ಪಾರ್ಕನ್ನು ಜೊತೆಗೆ ತರದೆ.

ಬೆಂಗಳೂರೂ ಆಗಿನ ಬೆಂಗಳೂರಲ್ಲ. ಎಚ್‌ಎಂಟಿಯ ಹುಡುಗ ಸೈಕಲ್ ತುಳಿದಾದರೂ ಬರುತ್ತಿದ್ದ. ಈಗ ನೋಂದಣಿಯಾದ ವಾಹನ ಒಂದು ಕೋಟಿ ದಾಟಿದೆ, ಸೈಕಲ್ಲಿನಲ್ಲಿ ತುಮಕೂರು ರಸ್ತೆಗೆ ಇಳಿಯುವವನಿಗೆ ಧೈರ್ಯ ಬೇಕು. ಇವತ್ತು ಊರಿಂದ ಬರುವ ಹುಡುಗ ಹುಡುಗಿಯರು ಲೇತ್ ಮುಂದೆ ನಿಲ್ಲುವುದೂ ಇಲ್ಲ, ಕಂಪ್ಯೂಟರ್ ಮುಂದೆ ಕೂರುತ್ತಾರೆ, ಅಥವಾ ಕೆಲಸವೇ ಸ್ಕೂಟರ್ ಮೇಲೆ ಕೂತು ಬೇರೆಯವರ ಮನೆಗೆ ಊಟ ಮುಟ್ಟಿಸುವುದು. ತರಿಸಿಕೊಂಡವರೂ ಏಳಲಿಲ್ಲ, ತಂದವರೂ ಕೂತೇ ತಂದರು. ಆ ಮೊದಲ ಹತ್ತು ವರ್ಷ ಇವರಿಗೆ ಇನ್ನೂ ಕಡಿದಾಗಿರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಎಲ್ಲಿ ಕೈ ಹಾಕುವುದು

ಮೊದಲು ಅಳತೆ, ಅದೂ ಬೇಗ. ಕೆಲಸಕ್ಕೆ ಸೇರುವಾಗ ಹೇಗೂ ಮೆಡಿಕಲ್ ಮಾಡಿಸುತ್ತಾರೆ. ಅವತ್ತೇ ಸೊಂಟದ ಸುತ್ತಳತೆ ಬರೆದಿಟ್ಟು, ಮುಂದೆ ಪ್ರತಿ ವರ್ಷ ಅದೇ ಕಾಗದದಲ್ಲಿ ಬರೆಯುತ್ತಾ ಹೋದರೆ ಸಾಕು. ದರ್ಜಿಯ ಟೇಪಿಗಿಂತ ದೊಡ್ಡ ಯಂತ್ರ ಬೇಡ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅಂತ ಲೆಕ್ಕ. ಆದರೆ ಗೆರೆ ದಾಟುವ ತನಕ ಕಾಯುವುದಲ್ಲ. ಸೇರಿದಾಗ 76 ಇದ್ದದ್ದು ಮೂರನೇ ವರ್ಷಕ್ಕೆ 84 ಆಗಿದ್ದರೆ, ಗೆರೆಯ ಒಳಗಿದ್ದರೂ ಅವನೊಬ್ಬನನ್ನು ಕರೆದು ಮಾತಾಡಿಸಬೇಕು. ಈ ಓಟ ಹಿಡಿಯಬೇಕಾದದ್ದು ಆಗಲೇ. ಪಿಜಿಯಲ್ಲಿರುವ ಮಕ್ಕಳಿಗೆ ತೂಕದ ಬಗ್ಗೆ ಭಾಷಣ ಮಾಡುವ ಬದಲು ಅಪ್ಪ ಅಮ್ಮ ಒಂದು ಟೇಪು ಕೊಟ್ಟು ಕಳಿಸಿದರೂ ಆಯಿತು.

ಆಮೇಲೆ ಕ್ಯಾಂಟೀನ್. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಕ್ಯಾಂಟೀನ್ ಇರಬೇಕು ಅಂದಿತ್ತು. ಆಗಿನ ಕಾರ್ಮಿಕನಿಗೆ ಹೊಟ್ಟೆ ತುಂಬಾ ಊಟ ಸಿಗುವುದೇ ದೊಡ್ಡ ವಿಷಯ, ಹಾಗಾಗಿ ತಟ್ಟೆ ತುಂಬಾ ಅನ್ನ ಕೊಡುವುದು ಆ ಕಾಲಕ್ಕೆ ಸರಿಯಾಗಿತ್ತು. ಈಗ ಅದೇ ತಟ್ಟೆಗೆ ಅರ್ಧ ಅನ್ನ, ಜಾಸ್ತಿ ಪಲ್ಯ, ಜಾಸ್ತಿ ಕಾಳು ಹಾಕಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಕಾಂಟ್ರಾಕ್ಟರ್ ಲೆಕ್ಕ. ಅನ್ನ ಅಗ್ಗ, ಪಲ್ಯ ದುಬಾರಿ.

ಇನ್ನು ನಡಿಗೆ. ಗ್ರೀನ್ ಲೈನ್ ಮೆಟ್ರೊದಲ್ಲಿ ಜಾಲಹಳ್ಳಿ ಅಂತಲೇ ಒಂದು ಸ್ಟೇಶನ್ ಇದೆ. ಮೆಟ್ರೊ, ಬಸ್ಸು ಹಿಡಿಯುವವರು ಗೊತ್ತಿಲ್ಲದೆಯೇ ನಡೆಯುತ್ತಾರೆ, ಮನೆಯಿಂದ ಸ್ಟಾಪಿಗೆ, ಸ್ಟೇಶನ್ ಮೆಟ್ಟಿಲು, ಅಲ್ಲಿಂದ ಕೆಲಸಕ್ಕೆ. ಯಾರೂ ಬೇಕೆಂದು ಮಾಡದ, ಆದರೆ ಪ್ರತಿದಿನ ಆಗಿಹೋಗುವ ಓಡಾಟ ಇದು. ಊರಿನ ತಮ್ಮನ ದಿನಕ್ಕೆ ಸ್ವಲ್ಪವಾದರೂ ಹತ್ತಿರ ಬರುವುದು ಇದೊಂದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಎಲ್ಲರೂ ದುಡ್ಡಿನ ಲೆಕ್ಕ ಮಾತಾಡಿದರು, ಮನೆಯಲ್ಲೇ ಉಳಿದಿದ್ದ ಹೆಂಗಸರಿಗೆ ಹೊರಗೆ ಹೋಗಲು ಒಂದು ಕಾರಣ ಸಿಕ್ಕಿತು ಅನ್ನೋದನ್ನ ಆರೋಗ್ಯದ ಲೆಕ್ಕಕ್ಕೆ ಯಾರೂ ಹಿಡಿಯಲಿಲ್ಲ.

ಆದರೆ ಸ್ಟೇಶನ್ನಿಂದ ಆಚೆ ಕಾಲಿಟ್ಟರೆ ಫುಟ್‌ಪಾತ್ ಎಲ್ಲಿದೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದ ಪ್ರಕಾರ ಮನೆಗಳಿರುವ ಬೀದಿಯಲ್ಲೂ ನಡೆಯಲು ಅಡೆತಡೆ ಇಲ್ಲದ 1.8 ಮೀಟರ್ ಅಗಲ ಬಿಡಬೇಕು. ಬೆಂಗಳೂರಲ್ಲಿ ಆ 1.8 ಮೀಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್, ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು, ಕೇಬಲ್ ಸುರುಳಿ, ಕಸ ಎಲ್ಲಾ ಇರುತ್ತದೆ, ಮನುಷ್ಯ ರಸ್ತೆಗಿಳಿಯುತ್ತಾನೆ. ಚರ್ಚ್ ಸ್ಟ್ರೀಟ್‌ನಂಥ ನಾಲ್ಕಾರು ರಸ್ತೆ ಚೆನ್ನಾಗಿ ಮಾಡಿದ್ದಾರೆ, ಒಪ್ಪೋಣ. ಅವು ಇರುವುದು ಊರಿನ ನಡುಮಧ್ಯ. ಊರಿಂದ ಬಂದ ಹುಡುಗ ರೂಮ್ ಮಾಡುವುದು ಅಲ್ಲಲ್ಲ. ಪೀಣ್ಯದ ಹಿಂದೆ, ಲಗ್ಗೆರೆಯಲ್ಲಿ, ಬೊಮ್ಮನಹಳ್ಳಿಯಲ್ಲಿ, ಮಾರತ್ತಹಳ್ಳಿಯ ಒಳಗಲ್ಲಿಗಳಲ್ಲಿ. ಮೊದಲ ಹತ್ತು ವರ್ಷ ಅವನು ಕಳೆಯುವುದು ಆ ಬೀದಿಗಳಲ್ಲಿ. ದುಡ್ಡು ಇರುವುದು ಒಂದೇ ರಸ್ತೆಗೆ ಅಂತಾದರೆ, ಆ ಚಪ್ಪಡಿ ಮೊದಲು ಅಲ್ಲಿ ಬೀಳಲಿ ಅನ್ನುತ್ತೇನೆ ನಾನು.